"ನನಗ್ಯಾಕೆ ಹಿಂಗಾಯ್ತು" ಅಂತ ಅಪ್ಪ ಕೇಳ್ತಾರೆ, ಏನು ಹೇಳ್ಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಳವಳ್ಳಿ ಕಡೆ ಹಳ್ಳಿ. ಅಪ್ಪನಿಗೆ 66 ವರ್ಷ, ದವಡೆ ಕ್ಯಾನ್ಸರ್. ಆಪರೇಷನ್ ಆಯ್ತು, ಕರೆಂಟ್ (ರೇಡಿಯೇಷನ್) ಕೊಡಿಸಿದ್ದೂ ಆಯ್ತು, ಮತ್ತೆ ಬಂದಿದೆ. "ಇನ್ನು ಮನೇಲೇ ನೋಡ್ಕೊಳ್ಳಿ" ಎಂದು ಕಳಿಸಿದ್ದಾರೆ. ಕೆನ್ನೆ ಒಡೆದು ಗಾಯವಾಗಿದೆ, ವಾಸನೆ ಬರುತ್ತದೆ. ರಾತ್ರಿಯೆಲ್ಲ ನರಳುತ್ತಾರೆ. "ಯಾರಿಗೂ ಅನ್ಯಾಯ ಮಾಡ್ದೋನಲ್ಲ, ಮಾದಪ್ಪ ನನಗ್ಯಾಕೆ ಹಿಂಗ್ ಮಾಡ್ದ?" ಅಂತಾರೆ. ಏನು ಹೇಳಬೇಕೋ ಗೊತ್ತಾಗಲ್ಲ. ದೊಡ್ಡಪ್ಪ ಶಾಂತಿ ಮಾಡಿಸು ಅಂತಾರೆ. ಮಾರ್ಫಿನ್ ಬರೆದುಕೊಟ್ಟಿದ್ದಾರೆ, ಅದು ಕೊಟ್ಟರೆ ಬೇಗ ಹೋಗಿಬಿಡ್ತಾರೆ ಅಂತ ಅಕ್ಕ ಮುಟ್ಟೋಕೂ ಬಿಡ್ತಿಲ್ಲ.

ಉತ್ತರ: ಮೊದಲು ಮಾರ್ಫಿನ್ ವಿಷಯ ಮುಗಿಸೋಣ. ಡಾಕ್ಟರ್ ಬರೆದ ಪ್ರಮಾಣದಲ್ಲಿ ಕೊಟ್ಟರೆ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಕ್ಯಾನ್ಸರ್ ನೋವಿಗೆ ತೆಗೆದುಕೊಳ್ಳುವವರು ಅದರ ಚಟಕ್ಕೆ ಬೀಳುವುದೂ ಬಹಳ ಅಪರೂಪ. ಮಾಮೂಲಿ ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಅದಕ್ಕೇ ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿಕೊಂಡು ಕೊಡಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ, ಜೊತೆಗೆ ಅದಕ್ಕೂ ಔಷಧಿ ಕೇಳಿ ಪಡೆಯಿರಿ. ನುಂಗೋಕೆ ಆಗದಿದ್ದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್‌ನಲ್ಲಿ ಬೇರೆ ನೋವಿನ ಔಷಧಿ ಸಿಗುತ್ತದೆ. ನಿಮ್ಮ ಅಕ್ಕನ ಭಯ ಅವರೊಬ್ಬರದೇ ಅಲ್ಲ, 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳೇ ಹೆದರಿ ಮಾರ್ಫಿನ್ ಇಡುವುದನ್ನು ಬಿಟ್ಟಿದ್ದವು, ಮಾರ್ಫಿನ್ ತೆಗೆಯುವ ಅಫೀಮನ್ನು ನಮ್ಮದೇ ದೇಶದಲ್ಲಿ ಬೆಳೆದು ನಮ್ಮ ರೋಗಿಗಳೇ ನರಳುವಂತಾಗಿತ್ತು. 2014ರ ತಿದ್ದುಪಡಿ ಆದ ಮೇಲೆ ಸ್ವಲ್ಪ ಸುಲಭವಾಗಿದೆ.

ಇನ್ನು ವಾಸನೆ. ಇದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಇದೇ ದೊಡ್ಡದಾಗಿ ಕಾಣಿಸಿತು. ಇಂಥ ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ಗಾಯ ತೊಳೆದ ಮೇಲೆ ಉದುರಿಸುತ್ತಾರೆ. ಕಡಿಮೆ ಬೆಲೆಯ ಮಾತ್ರೆ. ಕೆಲವೇ ದಿನದಲ್ಲಿ ವಾಸನೆ ಎಷ್ಟೋ ಕಡಿಮೆಯಾಗುತ್ತದೆ. ಎಷ್ಟು, ಹೇಗೆ ಅನ್ನೋದನ್ನು ನರ್ಸ್ ಹತ್ತಿರ ಒಂದು ಸಲ ಕಲಿತುಕೊಳ್ಳಿ. ದೇವರ ಪ್ರಶ್ನೆಗೆ ಇವರೇನು ಮಾತ್ರೆ ಪುಡಿ ಹೇಳ್ತಿದ್ದಾರೆ ಅನ್ನಿಸಬಹುದು. ನೋಡಿ, ವಾಸನೆ ಅಂತ ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ಬಂದ ನೆಂಟರು ಜಗುಲಿಯಲ್ಲೇ ಕೂತು ಎದ್ದು ಹೋಗುತ್ತಾರೆ, ತಟ್ಟೆ ಲೋಟ ಬೇರೆ ಇಡುತ್ತಾರೆ. ಮಲಗಿರುವವರಿಗೆ ಇದೆಲ್ಲ ಕಾಣುತ್ತದೆ. ಆಗ "ದೇವರು ನನ್ನ ಕೈಬಿಟ್ಟ" ಅನ್ನಿಸದೆ ಇನ್ನೇನು ಅನ್ನಿಸುತ್ತೆ? ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆ) ಶುರು ಮಾಡಿದ ಡಾ. ಸಿಸಿಲಿ ಸಾಂಡರ್ಸ್ ಹೇಳುತ್ತಿದ್ದದ್ದೂ ಇದನ್ನೇ: ಮೈ ನೋವು, ಮನಸ್ಸಿನ ನೋವು, ಮನೆ-ಸಂಬಂಧದ ನೋವು, ದೇವರ ಮೇಲಿನ ಸಂಕಟ ಎಲ್ಲ ಒಂದರೊಳಗೊಂದು ಸೇರಿಕೊಂಡಿರುತ್ತವೆ. ರಾತ್ರಿಯೆಲ್ಲ ನರಳುವವರ ಮುಂದೆ ಕರ್ಮದ ಮಾತಾಡಿ ಏನೂ ಪ್ರಯೋಜನವಿಲ್ಲ.

ನಿದ್ದೆ ಬರಲಿ, ನೋವು ತಗ್ಗಲಿ. ಆಮೇಲೂ ಅಪ್ಪ ಅದೇ ಪ್ರಶ್ನೆ ಕೇಳಿದರೆ ಉತ್ತರ ಹುಡುಕೋಕೆ ಹೋಗಬೇಡಿ. "ಹಂಗೆಲ್ಲ ಅನ್ಬೇಡಪ್ಪ, ಎಲ್ಲಾ ಸರಿಹೋಗುತ್ತೆ" ಅಂತ ಬಾಯಿ ಮುಚ್ಚಿಸಲೂ ಬೇಡಿ. "ಯಾಕಪ್ಪ, ಏನು ನೆನಪಾಯ್ತು?" ಅಂತ ಕೇಳಿ ಸುಮ್ನೆ ಕೂತ್ಕೊಳ್ಳಿ. ನಾನು ನೋಡಿದ ಮನೆಗಳಲ್ಲಿ ಈ ಪ್ರಶ್ನೆ ಹಿಂದೆ ಜಾಸ್ತಿ ಇರುವುದು ತೀರಾ ಮನೆಮಟ್ಟದ ವಿಷಯ. ಗದ್ದೆ ಬದುವಿನ ಜಗಳಕ್ಕೆ ಮಾತು ಬಿಟ್ಟ ತಮ್ಮ, ಮದುವೆಯಾಗದ ಮಗಳು, ತೀರಿಸದ ಕೈಸಾಲ, ಹೊತ್ತು ತೀರಿಸದ ಹರಕೆ. ಬೆಟ್ಟಕ್ಕೆ ನಡೆದು ಬರ್ತೀನಿ ಅಂತ ಹರಕೆ ಹೊತ್ತು ಆಗದೇ ಉಳಿದಿದ್ದರೆ, ನಿಮ್ಮಲ್ಲೇ ದಾರಿ ಇದೆಯಲ್ಲ: ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಅಪ್ಪನ ಕೈಯಲ್ಲೇ ಮುಡಿಪು ತೆಗೆದಿಡಿಸಿ, ನಾನು ಹೋಗಿ ಒಪ್ಪಿಸ್ತೀನಿ ಅನ್ನಿ. ಮಾತು ಬಿಟ್ಟ ತಮ್ಮನಿದ್ದರೆ ಇವತ್ತೇ ಫೋನ್ ಮಾಡಿ. ಕಂಸಾಳೆಯವರ ಪದ ಅಪ್ಪನಿಗೆ ಇಷ್ಟವಿದ್ದರೆ ಮೊಬೈಲಿನಲ್ಲಿ ಹಾಕಿ, ಆದರೆ ಅವರನ್ನು ಕೇಳಿ ಹಾಕಿ. ಎಷ್ಟೋ ಮನೆಯಲ್ಲಿ ದಿನವಿಡೀ ಭಕ್ತಿಗೀತೆ ಹಾಕಿ ಮಲಗಿರುವವರಿಗೆ ತಲೆನೋವು ತರಿಸುತ್ತಾರೆ!

ಶಾಂತಿ ಮಾಡಿಸಬೇಕಾ? ಅಪ್ಪನಿಗೆ ಬೇಕೆಂದರೆ, ಸಾಲ ಆಗದಷ್ಟರಲ್ಲಿ ಮಾಡಿಸಿ. "ನಿನ್ನ ದೋಷದಿಂದ ಬಂತು" ಅನ್ನುವವರನ್ನು ಮಾತ್ರ ಒಳಗೆ ಬಿಡಬೇಡಿ, ದೊಡ್ಡಪ್ಪನಾದರೂ ಸರಿ. ಅಪ್ಪನಿಗೆ ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇತ್ತೇನೋ, ಅದನ್ನು ಹೇಳಿ ಚುಚ್ಚುವ ಹೊತ್ತೂ ಇದಲ್ಲ.

ಮಂಡ್ಯ ಜಿಲ್ಲಾಸ್ಪತ್ರೆಯಲ್ಲಿ "ಉಪಶಮನ ಆರೈಕೆ" (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು-ಸಂಕಟ ತಗ್ಗಿಸುವ ಆರೈಕೆ) ಎಂದೇ ಕೇಳಿ ವಿಚಾರಿಸಿ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಈ ಕೆಲಸ ಮಾಡುತ್ತಾರೆ. ಮನೆಯಲ್ಲಿ ನೋಡಿಕೊಳ್ಳೋದು ಕೈಮೀರಿದರೆ ಬೆಂಗಳೂರಿನ ಕರುಣಾಶ್ರಯ ಇದೆ, ಅಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಅತ್ತೆಗೆ 84, ಹಾರ್ಟ್ ಫೇಲ್ಯೂರ್. ಐಸಿಯು ಬೇಡ, ಮನೇಲೇ ಸಾಯ್ತೀನಿ ಅಂತಾರೆ. ಅಮೆರಿಕದಲ್ಲಿರೋ ಮೈದುನ ಎಲ್ಲಾ ಟ್ರೀಟ್‌ಮೆಂಟ್ ಮಾಡಿಸಿ ಅಂತಾರೆ. ಅತ್ತೆ ಊಟ ಬೇರೆ ಬಿಟ್ಟಿದ್ದಾರೆ. (ಕುವೆಂಪುನಗರ, ಮೈಸೂರು)

ಉತ್ತರ: ಅತ್ತೆಗೆ ಬುದ್ಧಿ ಸ್ವಾಧೀನದಲ್ಲಿದೆ ತಾನೇ? ಹಾಗಿದ್ದರೆ ಅವರದೇ ಕೊನೆ ಮಾತು, ನಿಮ್ಮದೂ ಅಲ್ಲ, ಮೈದುನನದೂ ಅಲ್ಲ. ಮುಂದೆ ಮಾತಾಡಲು ಆಗದಿದ್ದರೆ ಬೇಕಾಗುತ್ತದೆ, ಬರೆಸಿ ಇಟ್ಟುಕೊಳ್ಳಿ. ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಮುಂಗಡ ಪತ್ರಕ್ಕೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿ, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಮೈದುನನಿಗೆ ವಿಡಿಯೊ ಕಾಲ್ ಹಾಕಿ ಅತ್ತೆಯ ಬಾಯಲ್ಲೇ ಹೇಳಿಸಿ. ದೂರ ಇರುವವರಿಗೆ ಸಂಕಟ ಜಾಸ್ತಿ, ಅದಕ್ಕೇ ಹಟ ಹಿಡಿಯುತ್ತಾರೆ.

ಊಟ ಬಿಟ್ಟದ್ದು ಯಾಕೆ ಅಂತ ಡಾಕ್ಟರಿಗೆ ಒಮ್ಮೆ ತೋರಿಸಿ. ಕೊನೆಗಾಲ ಹತ್ತಿರವಾಗಿದ್ದರೆ ಹಸಿವು ತಾನಾಗೇ ಹೋಗುತ್ತದೆ, ಬಲವಂತ ಬೇಡ. ಎಚ್ಚರವಿದ್ದು ನುಂಗುವಷ್ಟು ದಿನ ಬೇಕೆಂದದ್ದನ್ನು ಒಂದೆರಡು ಚಮಚ ಕೊಡಿ. ನುಂಗಲಾಗದಿದ್ದರೆ ಗಂಗಾಜಲವಾದರೂ ಸರಿ, ಹತ್ತಿಯಲ್ಲಿ ತುಟಿ ಒದ್ದೆ ಮಾಡಿದರೆ ಸಾಕು. ಬಾಯಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ.

ಪ್ರಶ್ನೆ: ಗಂಡನನ್ನು ನೋಡಿಕೊಂಡು ಸಾಕಾಗಿದೆ. ಒಮ್ಮೊಮ್ಮೆ ಬೇಗ ಮುಗಿದುಹೋಗಲಿ ಅನ್ನಿಸುತ್ತೆ. ಪಾಪ ಅಲ್ವಾ? (ಶ್ರೀರಂಗಪಟ್ಟಣ)

ಉತ್ತರ: ಅಲ್ಲಮ್ಮ. ಹೀಗೆ ಅನ್ನಿಸುವವರು ಬಹಳ ಜನ, ಬಾಯಿಬಿಟ್ಟು ಹೇಳುವವರು ಕಡಿಮೆ. ವಾರಕ್ಕೆ ಎರಡು ರಾತ್ರಿ ಬೇರೆ ಯಾರಾದರೂ ಕಾಯಲಿ, ನೀವು ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. "ಏನಾದ್ರೂ ಬೇಕಾದ್ರೆ ಹೇಳಿ" ಅಂದ ನೆಂಟರಿಗೆ ಈ ಕೆಲಸವನ್ನೇ ಹೇಳಿ. ತುಂಬಾ ಕುಸಿದಂತೆ ಅನ್ನಿಸಿದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.