ಗಾಳಿ ಜಾಸ್ತಿ ಆದರೆ ಸೈಕಲ್ ಜಾಸ್ತಿ ಓಡಲ್ಲ

ಈ ಸಲವೂ ಟೈರ್ ಗಾಳಿಯ ಪ್ರಶ್ನೆಗಳೇ ಜಾಸ್ತಿ ಬಂದಿವೆ. ಇಷ್ಟು ದಿನ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಂದೆ ಹೋಗುತ್ತಿದ್ದೆ. ಅದರಿಂದ ಏನೂ ಬದಲಾಗಿಲ್ಲ. ಭಾನುವಾರ ಬೆಳಿಗ್ಗೆ ಮೂಡಿಗೆರೆ ರೋಡಿನಲ್ಲಿ ಸಿಗುವ ಗ್ರ್ಯಾವೆಲ್ ಸೈಕಲ್‌ಗಳ (ಮಣ್ಣು, ಜಲ್ಲಿ ದಾರಿಗೆಂದು ಅಗಲ ಟೈರ್ ಹಾಕಿದ ಸೈಕಲ್) ಟೈರ್ ಒತ್ತಿ ನೋಡಿದರೆ ಹೆಬ್ಬೆರಳು ಒಂಚೂರೂ ಇಳಿಯುವುದಿಲ್ಲ. ಹಾಗಾಗಿ ಇವತ್ತು ಜಾಗವೆಲ್ಲ ಇದಕ್ಕೇ. ಉಳಿದವರಿಗೆ ಚುಟುಕಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಹೊಸ ಗ್ರ್ಯಾವೆಲ್ ಸೈಕಲ್ ತಗೊಂಡೆ. 40 ಎಂಎಂ ಟೈರ್, ಒಳಗೆ ಟ್ಯೂಬ್ ಇದೆ. ನನ್ನ ತೂಕ 70 ಕೆಜಿ. ಟೈರ್ ಮೇಲೆ ಗರಿಷ್ಠ 70 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತ ಬರೆದಿತ್ತು. ಬಂಕಿನಲ್ಲಿ ಅಷ್ಟೂ ಹೊಡೆಸಿಕೊಂಡು ಸಕಲೇಶಪುರದಿಂದ ಮೂಡಿಗೆರೆಗೆ ತೋಟದ ದಾರಿಗಳಲ್ಲಿ ಹೋದೆ. ಎರಡೂ ಕೈ ಜೋಮು ಹಿಡಿದವು. ಇಳಿಜಾರಿನಲ್ಲಿ ಮುಂದಿನ ಚಕ್ರ ಎರಡು ಸಲ ಜಾರಿತು. ಗೆಳೆಯರು ಮುಂದಿನ ಚಕ್ರಕ್ಕೆ ಸಸ್ಪೆನ್ಶನ್ ಫೋರ್ಕ್ (ಕುಲುಕಾಟ ತಡೆಯುವ ಫೋರ್ಕ್) ಹಾಕಿಸು ಅನ್ನುತ್ತಿದ್ದಾರೆ. ಹಾಕಿಸಲಾ? — ಹಾಸನದ ಓದುಗರು

ಬೇಡ. ದುಡ್ಡು ಉಳಿಸಿಕೊಳ್ಳಿ. ಮೊದಲು ಗಾಳಿ ಇಳಿಸಿ.

ಗರಿಷ್ಠ ಅಂದರೆ ಅದನ್ನು ದಾಟಬೇಡಿ ಅಂತ ಅರ್ಥ. ಅಷ್ಟು ಹೊಡೆಸಲೇಬೇಕು ಅಂತ ಅಲ್ಲ. ಗಟ್ಟಿ ಟೈರ್ ಜೋರಾಗಿ ಓಡುತ್ತದೆ ಅನ್ನುವ ನಂಬಿಕೆ ತೆಳ್ಳನೆಯ ರೋಡ್ ಸೈಕಲ್ ಟೈರ್‌ಗಳ ಕಾಲದಿಂದ ಉಳಿದುಕೊಂಡಿದೆ. ಆಗ ಪರೀಕ್ಷೆಗಳನ್ನು ನುಣ್ಣನೆಯ ಉಕ್ಕಿನ ಡ್ರಮ್ ಮೇಲೆ ಮಾಡುತ್ತಿದ್ದರು. ಡ್ರಮ್ ಮೇಲೆ ಗಾಳಿ ಏರಿಸಿದಷ್ಟೂ ಟೈರ್ ಹಗುರವಾಗಿ ಉರುಳುತ್ತದೆ, ನಿಜ. ಆದರೆ ಆ ಡ್ರಮ್ ಮೇಲೆ ಜಲ್ಲಿ ಇರಲಿಲ್ಲ, ಸೀಟಿನ ಮೇಲೆ ಮನುಷ್ಯನೂ ಇರಲಿಲ್ಲ.

ದಾರಿಯಲ್ಲಿ ನಿಮ್ಮ ಶಕ್ತಿ ಎರಡು ಕಡೆ ಸೋರುತ್ತದೆ. ಟೈರಿನ ರಬ್ಬರ್ ಬಾಗಿ ಬಾಗಿ ಬಿಸಿಯಾಗುವುದು ಒಂದು. ಪ್ರತಿ ಕಲ್ಲಿಗೂ ಸೈಕಲ್ ಸಮೇತ ನೀವು ಮೇಲಕ್ಕೆ ಎಗರಿ ಕೆಳಕ್ಕೆ ಬೀಳುವುದು ಇನ್ನೊಂದು. ನುಣುಪಾದ ಡಾಂಬರಿನಲ್ಲಿ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ. ತೋಟದ ದಾರಿಯಲ್ಲಿ ಅದರದ್ದೇ ದರ್ಬಾರು. ಖಾಲಿ ಪಿಕಪ್ ಜೀಪು ಕಲ್ಲುದಾರಿಯಲ್ಲಿ ಕುಣಿದುಕೊಂಡು ಹೋಗುವುದನ್ನು ನೋಡಿದ್ದೀರಲ್ವಾ, 70 ಪಿಎಸ್‌ಐ ಹೊಡೆಸಿದ ಸೈಕಲ್ ಹಾಗೇ ಕುಣಿಯುತ್ತದೆ. ಆ ಕುಣಿತಕ್ಕೆ ಖರ್ಚಾಗುವುದು ನಿಮ್ಮ ಕಾಲಿನ ಬಲ. ಅದು ಅಂಗೈಗೆ ಹೊಡೆದಾಗ ಬರುವುದೇ ಜೋಮು. ಗಾಳಿ ಕಡಿಮೆ ಇದ್ದರೆ ಟೈರ್ ಕಲ್ಲನ್ನು ತನ್ನೊಳಗೆ ತಗೊಂಡು ದಾಟುತ್ತದೆ, ನಿಮ್ಮನ್ನು ಎತ್ತಿ ಹಾಕುವುದಿಲ್ಲ.

ಜಾರಿದ್ದಕ್ಕೂ ಇದೇ ಕಾರಣ. ಮೇಲಿರುವ ಭಾರ ಅಷ್ಟೇ ಇದ್ದು ಗಾಳಿ ಅರ್ಧ ಮಾಡಿದರೆ, ಟೈರ್ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಒದ್ದೆ ಕೆಮ್ಮಣ್ಣು, ಅದರ ಮೇಲೆ ಸಿಲ್ವರ್ ಓಕ್ ಎಲೆ ಬಿದ್ದ ತಿರುವು. ಅಂಥ ಕಡೆ ನಿಮ್ಮನ್ನು ಉಳಿಸುವುದು ಆ ಜಾಗವೇ.

ಈಗ ಲೆಕ್ಕ. ನಿಮ್ಮ ತೂಕಕ್ಕೆ, 40 ಎಂಎಂ ಟೈರ್‌ಗೆ, ಟ್ಯೂಬ್ ಇದ್ದರೆ ಮುಂದೆ 36, ಹಿಂದೆ 40 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ಮುಂದೆ 30, ಹಿಂದೆ 33. ಹಿಂದಿನ ಚಕ್ರದ ಮೇಲೆ ಭಾರ ಜಾಸ್ತಿ, ಅದಕ್ಕೇ ಈ ವ್ಯತ್ಯಾಸ. ಎರಡಕ್ಕೂ ಒಂದೇ ಗಾಳಿ ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೈಕ್‌ಪ್ಯಾಕಿಂಗ್‌ಗೆ, ಅಂದರೆ ಸೈಕಲ್ಲಿಗೇ ಸಾಮಾನು ಕಟ್ಟಿಕೊಂಡು ಹೋಗುವ ಹಲವು ದಿನದ ಪ್ರವಾಸಕ್ಕೆ, ಬ್ಯಾಗು ಕಟ್ಟಿ ಏಳೆಂಟು ಕೆಜಿ ಹೇರಿದ್ದರೆ ಹಿಂದಕ್ಕೆ 3, ಮುಂದಕ್ಕೆ 1 ಅಥವಾ 2 ಸೇರಿಸಿ.

ಇದು ಶುರು ಮಾಡಲು ಮಾತ್ರ. ಸರಿಯಾದ ಅಂಕಿ ನೀವೇ ಹುಡುಕಬೇಕು. ಜಲ್ಲಿ ಎದ್ದಿರುವ ಒಂದು ಕಿಲೋಮೀಟರ್ ದಾರಿ ಆರಿಸಿಕೊಳ್ಳಿ. ಹೋಗಿ, ಬನ್ನಿ, ಎರಡು ಪಿಎಸ್‌ಐ ಇಳಿಸಿ, ಮತ್ತೆ ಅದೇ ದಾರಿಯಲ್ಲಿ ಹೋಗಿ. ಕಿವಿ ಕೊಟ್ಟು ಕೇಳಿ. ಗಾಳಿ ಜಾಸ್ತಿ ಇದ್ದಾಗ ಸಣ್ಣ ಕಲ್ಲುಗಳು ಟೈರಿನ ಅಂಚಿಗೆ ಸಿಕ್ಕಿ ಟಿಣ್ ಎಂದು ಪಕ್ಕಕ್ಕೆ ಹಾರುತ್ತವೆ. ಗಾಳಿ ಸರಿಯಾಗುತ್ತಾ ಬಂದ ಹಾಗೆ ಆ ಸದ್ದು ನಿಂತು ಬರೀ ಕರಕರ ಕೇಳುತ್ತದೆ. ಇನ್ನೂ ಇಳಿಸಿದರೆ ಯಾವುದೋ ಒಂದು ಕಲ್ಲಿಗೆ ರಿಮ್ ಠಣ್ ಎಂದು ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ, 3 ಪಿಎಸ್‌ಐ ವಾಪಸ್ ಏರಿಸಿ, ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಗಾಳಿ. ಟ್ಯೂಬ್ ಇರುವವರು ಆ ಠಣ್ ಸದ್ದಿಗೆ ಕಾಯದೆ ಮೊದಲೇ ನಿಲ್ಲಿಸಿ. ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಪಕ್ಕಪಕ್ಕದಲ್ಲಿ ಎರಡು ಸೀಳು ಬಿಡುತ್ತದೆ.

ಬಂಕಿನ ಗಾಳಿ ಮೆಷಿನ್ ಇರುವುದು ಕಾರು, ಬೈಕಿಗೆ. ನಿಮ್ಮ ಸೈಕಲ್ಲಿನ ತೆಳ್ಳನೆಯ ಪ್ರೆಸ್ಟಾ ವಾಲ್ವ್‌ಗೆ ಅದು ನೇರವಾಗಿ ಕೂರುವುದೂ ಇಲ್ಲ. ಅಡಾಪ್ಟರ್ ಹಾಕಿ ಹೊಡೆಸುವಾಗ ಹುಡುಗರು ಒತ್ತುವ ರಭಸಕ್ಕೆ ಒಳಗಿನ ಕಡ್ಡಿ ಬಗ್ಗುತ್ತದೆ. ಗೇಜ್ ಇರುವ ಫ್ಲೋರ್ ಪಂಪ್ ಮನೆಯಲ್ಲಿರಲಿ. ಸಾವಿರಾರು ರೂಪಾಯಿ ಕೊಟ್ಟು ಕಾರ್ಬನ್ ಬಾಟಲ್ ಕೇಜ್ ಹಾಕಿಸುವವರ ಮನೆಯಲ್ಲಿ ಪಂಪ್ ಇರುವುದಿಲ್ಲ, ಇದು ನನಗೆ ಅರ್ಥವೇ ಆಗುವುದಿಲ್ಲ. ನೈಟ್ರೋಜನ್ ಹೊಡೆಸಿದರೆ ಒಳ್ಳೇದಾ ಅಂತಲೂ ಕೆಲವರು ಕೇಳಿದ್ದಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಸೈಕಲ್ಲಿಗೆ ಅದನ್ನು ಮಾರುವವರ ಮಾತು ಕೇಳಬೇಡಿ.

ಒಂದು ಮಾತು ಮಾತ್ರ ತಪ್ಪದೆ ನೋಡಿಕೊಳ್ಳಿ. ಈಗಿನ ಎಷ್ಟೋ ಗ್ರ್ಯಾವೆಲ್ ರಿಮ್‌ಗಳು ಹುಕ್‌ಲೆಸ್. ಅಂದರೆ ಟೈರಿನ ಅಂಚನ್ನು ಕಚ್ಚಿ ಹಿಡಿಯುವ ಮಡಿಕೆ ಅವುಗಳಲ್ಲಿ ಇರುವುದಿಲ್ಲ. ಅಂಥ ರಿಮ್ಮಿಗೆ 72.5 ಪಿಎಸ್‌ಐ, ಅಂದರೆ 5 ಬಾರ್, ಕಟ್ಟಕಡೆಯ ಮಿತಿ. ಅಗಲ ಟೈರ್‌ಗೆ ಕಂಪನಿಯವರು ಹೇಳುವ ಮಿತಿ ಇನ್ನೂ ಕಡಿಮೆ ಇರಬಹುದು. ಟೈರ್ ಮತ್ತು ರಿಮ್ ಎರಡರ ಮೇಲೂ ಬರೆದಿರುವುದನ್ನು ಓದಿ, ಯಾವುದು ಕಡಿಮೆಯೋ ಅದನ್ನು ಹಿಡಿಯಿರಿ. ನೀವು ಬಂಕಿನಲ್ಲಿ 70 ಹೊಡೆಸಿದ್ದನ್ನು ಓದಿ ನನಗೆ ಗಾಬರಿಯಾಯಿತು. ಬಂಕಿನ ಗೇಜ್ ಒಂಚೂರು ತಪ್ಪು ತೋರಿಸಿದ್ದರೂ ಸಾಕಿತ್ತು, ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಟೈರ್ ಕಳಚಿಕೊಂಡರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಮುಂದೆ ಟ್ಯೂಬ್‌ಲೆಸ್‌ಗೆ ಹೋಗಿ, ಅದು ಒಳ್ಳೇದೇ. ಆದರೆ ಪಂಕ್ಚರ್ರೇ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಳ್ಳಿನ ತೂತನ್ನು ಟೈರಿನೊಳಗೆ ಹಾಕುವ ದ್ರವ, ಅಂದರೆ ಸೀಲೆಂಟ್, ಮುಚ್ಚುತ್ತದೆ, ಚೂಪು ಕಲ್ಲಿನ ಸೀಳನ್ನು ಮುಚ್ಚುವುದಿಲ್ಲ. ಅದಕ್ಕೆ ಪ್ಲಗ್ (ಸೀಳಿಗೆ ತುರುಕುವ ರಬ್ಬರ್ ಪಟ್ಟಿ) ಬೇಕು, ಜೊತೆಗೆ ಒಂದು ಟ್ಯೂಬೂ ಬೇಕು. ಸೀಲೆಂಟ್ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಿ. ಸ್ಕೂಟರ್‌ಗೆ ಹಾಕುವ ಪಂಕ್ಚರ್ ಲಿಕ್ವಿಡ್ ಸುರಿಯಬೇಡಿ, ಸೈಕಲ್ಲಿಗೆಂದೇ ಮಾಡಿದ್ದು ಸಿಗುತ್ತದೆ.

ಇಷ್ಟೆಲ್ಲ ಕೇಳಿ 50 ಎಂಎಂ ಟೈರ್ ತಂದು ತುರುಕಲೂ ಹೋಗಬೇಡಿ. ನಮ್ಮ ಮಳೆಗಾಲದ ಮಣ್ಣು ಅಂಟು ಮಣ್ಣು. ಟೈರಿಗೂ ಫ್ರೇಮಿಗೂ ನಡುವೆ ಕಡಿಮೆ ಅಂದರೂ 6 ಎಂಎಂ ಜಾಗ ಬೇಕು. ಇಲ್ಲದಿದ್ದರೆ ಕೆಸರು ಕಟ್ಟಿ ಚಕ್ರ ನಿಲ್ಲುತ್ತದೆ. ಆಗ ಪೆಡಲ್ ಮೇಲೆ ಎದ್ದು ನಿಂತು ತುಳಿದರೆ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿಯುತ್ತದೆ. ಅಮೆರಿಕದ ಕ್ಯಾನ್ಸಾಸ್‌ನಲ್ಲಿ ನಡೆಯುವ ಅನ್‌ಬೌಂಡ್ ಗ್ರ್ಯಾವೆಲ್ ರೇಸ್ 200 ಮೈಲಿಯದ್ದು, ಅಂದರೆ ಸುಮಾರು 320 ಕಿಮೀ. 2023ರಲ್ಲಿ ಅಲ್ಲಿ ಶುರುವಿನಲ್ಲೇ ಕೆಸರು ಸಿಕ್ಕಿ, ದೊಡ್ಡ ದೊಡ್ಡ ರೇಸರ್‌ಗಳೂ ಸೈಕಲ್ ಹೆಗಲ ಮೇಲೆ ಹೊತ್ತು ನಡೆದರು. ನೀವೂ ಇಳಿದು, ಕಡ್ಡಿಯಲ್ಲಿ ಕೆಸರು ಕೆರೆದು, ಹೊತ್ತುಕೊಂಡು ದಾಟಿ. ಸ್ಪೇರ್ ಹ್ಯಾಂಗರ್ ಬ್ಯಾಗಿನಲ್ಲಿರಲಿ. ನಿಮ್ಮ ಮಾಡೆಲ್‌ಗೆ ಹೊಂದುವ ಹ್ಯಾಂಗರ್ ಕಳಸದಲ್ಲಿ ಸಿಗುವುದಿಲ್ಲ.

ಗಾಳಿ ಸರಿ ಮಾಡಿದ ಮೇಲೂ ಕಿರುಬೆರಳ ಜೋಮು ದಿನಗಟ್ಟಲೆ ಉಳಿದರೆ ಡಾಕ್ಟರಿಗೆ ತೋರಿಸಿ. ಅಂಗೈ ನರದ ವಿಷಯದಲ್ಲಿ ಉದಾಸೀನ ಬೇಡ.

ಪ್ರಶ್ನೆ: ನೂರು ಕಿಲೋಮೀಟರ್ ದಾಟಿದರೆ ಮಂಡಿಯ ಮುಂಭಾಗ ನೋಯುತ್ತದೆ. ಒಬ್ಬರು ಎಣ್ಣೆ ಕೊಟ್ಟಿದ್ದಾರೆ, ಮಂಡಿಯ ಸವೆತ ಮತ್ತೆ ಬೆಳೆಯುತ್ತದಂತೆ. — ಚಿಕ್ಕಮಗಳೂರಿನ ಓದುಗರು

ಚರ್ಮದ ಮೇಲೆ ಹಚ್ಚಿದ ಎಣ್ಣೆಯಿಂದ ಸವೆದ ಕಾರ್ಟಿಲೇಜ್ ಬೆಳೆಯುವುದಿಲ್ಲ. ಹೀಗೆ ಹೇಳಿ ದುಡ್ಡು ಕೀಳುವವರ ಹತ್ತಿರ ಮತ್ತೆ ಹೋಗಬೇಡಿ. ನೋವು ಮುಂದೆ ಇದ್ದರೆ ಸಾಮಾನ್ಯವಾಗಿ ಸೀಟು ತಗ್ಗು, ಮಂಡಿಯ ಹಿಂದೆ ಇದ್ದರೆ ಸೀಟು ಎತ್ತರ. ಒಂದು ಸಲಕ್ಕೆ 3 ಎಂಎಂ ಮಾತ್ರ ಏರಿಸಿ ನೋಡಿ. ಏರಿನಲ್ಲಿ ಭಾರದ ಗೇರ್ ತುಳಿಯುವುದನ್ನು ಬಿಡಿ. ಮಂಡಿ ಊದಿದ್ದರೆ ಸೀಟು ಮುಟ್ಟಬೇಡಿ, ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮುಳ್ಳಯ್ಯನಗಿರಿ ಹತ್ತುವಾಗ ನೀರು ಕುಡಿಯಬಾರದಂತೆ, ಹೌದಾ?

ಶುದ್ಧ ಸುಳ್ಳು. ಗುಟುಕು ಗುಟುಕಾಗಿ ಕುಡಿಯುತ್ತಾ ಹೋಗಿ.

ಪ್ರಶ್ನೆ: ಇಂಬಳಕ್ಕೆ ಯಾವ ಸ್ಪ್ರೇ ತರಿಸಲಿ?

ಸುಮ್ನೆ ಉಪ್ಪು ಇಟ್ಟುಕೊಳ್ಳಿ.

ಪ್ರಶ್ನೆ: ಬೇಲೂರು, ಸಕಲೇಶಪುರ ಕಡೆ ಮೂರು ದಿನ ಬೈಕ್‌ಪ್ಯಾಕಿಂಗ್ ಬರುತ್ತಿದ್ದೇವೆ. ಕಾಫಿ ತೋಟದಲ್ಲಿ ಟೆಂಟ್ ಹಾಕಿ ಮಲಗಿ, ಬೆಳಗಿನ ಜಾವ 4ಕ್ಕೆ ಹೊರಡುವ ಪ್ಲಾನ್. ಸರಿ ಇದೆಯಾ? — ಬೆಂಗಳೂರಿನ ಓದುಗರು

ಇಂಥ ಪ್ರಶ್ನೆ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಈ ಎಲ್ಲ ಕಡೆ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಹುಟ್ಟಿದಾಗಿನಿಂದ ಇಲ್ಲೇ ಇದ್ದು ದಾರಿ ಬಲ್ಲ ಕೂಲಿಯವರೇ ಪ್ರಾಣ ಕಳೆದುಕೊಂಡಿದ್ದಾರೆ. ಸೈಕಲ್ ಸದ್ದು ಮಾಡುವುದಿಲ್ಲ, ಹಾಗಾಗಿ ತಿರುವಿನಲ್ಲಿ ಆನೆಗೂ ನಿಮಗೂ ಒಟ್ಟಿಗೇ ಗೊತ್ತಾಗುತ್ತದೆ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಸಂಜೆ 5ರೊಳಗೆ ಹೋಂಸ್ಟೇ ಸೇರಿ. ತೋಟದ ಗೇಟಿನಲ್ಲಿ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ಸಿಕ್ಕರೆ ಇವತ್ತು ಆನೆ ಯಾವ ಕಡೆ ಇದೆ ಅಂತ ಕೇಳಿ, ಅವರಿಗೆ ಗೊತ್ತಿರುತ್ತದೆ. ಹೋಗಬೇಡಿ ಅಂದರೆ ವಾಪಸ್ ತಿರುಗಿ. ತೋಟ ಇನ್ನೊಬ್ಬರ ಆಸ್ತಿ ಅನ್ನುವುದೂ ನೆನಪಿರಲಿ.

ಪ್ರಶ್ನೆ: 300 ಕಿಮೀ ಬಿಆರ್‌ಎಂಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹೆಸರು ಕೊಟ್ಟಿದ್ದೇನೆ. ಅಣ್ಣ ಕಾರಿನಲ್ಲಿ ಹಿಂದೆಯೇ ಬಂದು ಊಟ, ನೀರು ಕೊಡಬಹುದಾ? — ಅರಸೀಕೆರೆಯ ಓದುಗರು

ಹಿಂದೆ ಬರುವಂತಿಲ್ಲ. ದಾರಿಯಲ್ಲಿ ಹಾಜರಿ ಹಾಕಿಸುವ ಕಂಟ್ರೋಲ್ ಪಾಯಿಂಟ್‌ನಲ್ಲಿ ಮಾತ್ರ ಕೊಡಬಹುದು. ಉತ್ತರ ಅಮೆರಿಕದ ಟೂರ್ ಡಿವೈಡ್‌ನಂಥ ಬೈಕ್‌ಪ್ಯಾಕಿಂಗ್ ರೇಸ್‌ಗಳಲ್ಲಿ ಅದಕ್ಕೂ ಅವಕಾಶವಿಲ್ಲ. ಅಲ್ಲಿ ಎಲ್ಲರಿಗೂ ಸಿಗುವ ಅಂಗಡಿ, ಹೋಟೆಲನ್ನೇ ಬಳಸಬೇಕು. ನಿಮ್ಮ 300 ಕಿಮೀಗೆ 20 ಗಂಟೆ ಸಮಯವಿದೆ, ಅಂದರೆ ಕತ್ತಲಲ್ಲಿ ಓಡಿಸುವುದು ಗ್ಯಾರಂಟಿ. ಹಿಂದಿನ ಕೆಂಪು ಲೈಟ್ ಎರಡು ಹಾಕಿ. ಒಂದು ಕೆಟ್ಟರೆ ಮುಂದೆ ನೋಡಿಕೊಂಡು ಹೋಗುವ ನಿಮಗೆ ಅದು ಗೊತ್ತೇ ಆಗುವುದಿಲ್ಲ.