ಮೈಸೂರಿನ ಹಳೇ ಪೇಟೆಯಲ್ಲಿ ಗೈಡ್ ಜೊತೆ ಫುಡ್ ವಾಕ್: ಕನ್ನಡ ಬಲ್ಲವರಿಗೆ ಬೇಕಾ?

ನೀವು ಕೇಳಿರುವುದು ಇಷ್ಟು: ಅರವತ್ತು ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಎರಡು ದಿನಕ್ಕೆ ಮೈಸೂರಿಗೆ ಹೋಗುತ್ತಿದ್ದೀರಿ. ಹಳೇ ಪೇಟೆಯಲ್ಲಿ ಗೈಡ್ ಜೊತೆ ನಡೆದುಕೊಂಡೇ ಅಲ್ಲಲ್ಲಿ ತಿಂಡಿ ತಿನ್ನುವ ಫುಡ್ ವಾಕ್ ಇದೆಯೆಂದು ಕೇಳಿದ್ದೀರಿ. ಭಾಷೆ ಬರುತ್ತೆ, ಹೋಟೆಲುಗಳ ಹೆಸರೂ ಗೊತ್ತಿದೆ, ಹಾಗಿರುವಾಗ ದುಡ್ಡು ಕೊಟ್ಟು ಹೋಗಬೇಕಾ ಅನ್ನುವುದು ನಿಮ್ಮ ಅನುಮಾನ.

ಬರೀ ತಿನ್ನುವುದಕ್ಕಾದರೆ ಬೇಡ. ನಾವು ತಿಂದದ್ದಕ್ಕೆಲ್ಲ ಸೇರಿ ಎಷ್ಟಾಗುತ್ತಿತ್ತೋ ಅದರ ನಾಲ್ಕೈದು ಪಟ್ಟು ದುಡ್ಡು ತಲೆಗೆ ಕೊಟ್ಟಿದ್ದೇವೆ. ಆದರೂ ಮತ್ತೆ ಹೋಗುತ್ತೀಯಾ ಅಂತ ಕೇಳಿದರೆ ಹೋಗುತ್ತೇನೆ, ಅದೂ ಅವ್ವನ ಜೊತೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಕೆಟ್ಟ ಅನುಭವ ಹೇಳಿಬಿಡುತ್ತೇನೆ, ನೀವು ಆ ತಪ್ಪು ಮಾಡಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಯಜಮಾನರ ಆಫೀಸಿನವರೆಲ್ಲ ಸೇರಿ ಇಂಥದ್ದೇ ಒಂದು ನಡಿಗೆಗೆ ಹೋಗಿದ್ದೆವು. ಹದಿನಾರು ಜನ, ಒಬ್ಬ ಗೈಡ್. ಮಾರ್ಕೆಟ್ಟಿನ ಓಣಿಯಲ್ಲಿ ಹದಿನಾರು ಜನ ನಿಂತರೆ ಹೂವಿನ ಬುಟ್ಟಿ ಹೊತ್ತವನಿಗೆ ದಾರಿ ಇರುವುದಿಲ್ಲ. ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಕೊನೆಗೆ ನಮ್ಮನ್ನು ಒಂದು ಸುಗಂಧದ ಎಣ್ಣೆ ಅಂಗಡಿಗೆ ಕರೆದೊಯ್ದು ಅರ್ಧ ಗಂಟೆ ಕೂರಿಸಿದರು. ಒಬ್ಬೊಬ್ಬರ ಮುಂಗೈಗೂ ಅತ್ತರು ಹಚ್ಚಿ ಕೊಳ್ಳಿ ಕೊಳ್ಳಿ ಅಂತ ಒತ್ತಾಯ. ತಿಂದದ್ದು ಒಂದು ದೋಸೆ, ಒಂದು ತುಂಡು ಮೈಸೂರು ಪಾಕ್. ಆದ್ದರಿಂದ ಬುಕ್ ಮಾಡುವ ಮುಂಚೆ ಎಷ್ಟು ಜನ ಇರುತ್ತಾರೆ, ತಿನ್ನುವುದನ್ನು ಬಿಟ್ಟು ಬೇರೆ ಅಂಗಡಿಗೆ ಕರೆದೊಯ್ಯುತ್ತಾರಾ ಎಂದು ನೇರವಾಗಿ ಕೇಳಿ. ಆರೇಳು ಜನಕ್ಕಿಂತ ಹೆಚ್ಚು ಅಂದರೆ ಬಿಟ್ಟುಬಿಡಿ. ಗೈಡ್ ಕನ್ನಡದಲ್ಲೇ ಮಾತಾಡುತ್ತಾರಾ ಅನ್ನುವುದನ್ನೂ ಕೇಳಿ. ಕನ್ನಡ ಬಂದರೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸುವವರು ಇದ್ದಾರೆ.

ಕಳೆದ ವರ್ಷ ನಾನು, ಅವ್ವ, ನನ್ನ ಮಗಳು ಮೂರೇ ಜನ ಹೋದೆವು. ಗೈಡ್ ಮೈಸೂರಿನವನೇ, ಇಪ್ಪತ್ತೈದು ಇಪ್ಪತ್ತಾರರ ಹುಡುಗ. ಬೆಳಿಗ್ಗೆ ಏಳೂವರೆಗೆ ನಜರ್‌ಬಾದಿನ ಮೈಲಾರಿ ಹೋಟೆಲಿನ ಹತ್ತಿರ ಬರಲು ಹೇಳಿದ್ದ. ಮೈಲಾರಿ ಹೆಸರಿನ ಹೋಟೆಲು ಆ ರಸ್ತೆಯಲ್ಲಿ ಒಂದೇ ಇಲ್ಲ. ಹಾಗಾಗಿ ಯಾವುದರ ಮುಂದೆ ನಿಲ್ಲಬೇಕು ಅಂತ ಮುಂಚೆಯೇ ಕೇಳಿಟ್ಟುಕೊಳ್ಳಿ.

ನಾವು ದಾವಣಗೆರೆಯವರು. ದೋಸೆಯ ವಿಷಯದಲ್ಲಿ ಅವ್ವನನ್ನು ಒಪ್ಪಿಸುವುದು ಸುಲಭವಲ್ಲ. ನಮ್ಮ ಬೆಣ್ಣೆ ದೋಸೆಯ ಹಿಟ್ಟಿಗೆ ಮಂಡಕ್ಕಿ ಬೀಳುತ್ತೆ, ಕಾವಲಿಯ ಮೇಲೆ ಬೆಣ್ಣೆಯಲ್ಲೇ ಬೇಯುತ್ತೆ, ಅಂಚು ಗರಿಗರಿ ಅನ್ನಬೇಕು. ಮೈಲಾರಿ ದೋಸೆ ಬೇರೆಯೇ ಜಾತಿ. ಮೆತ್ತಗೆ, ಅಂಗೈ ಮೇಲೆ ಮಡಚಿದರೆ ಮುರಿಯುವುದಿಲ್ಲ. ಒಳಗೆ ಸ್ವಲ್ಪ ಸಾಗು, ಮೇಲೊಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಅವ್ವ ದೋಸೆಯನ್ನು ಮಗುಚಿ ಹಿಂದುಮುಂದು ನೋಡಿ, ‘ಇದು ದ್ವಾಸಿ ಅಲ್ಲ ತಮ್ಮಾ, ಆದ್ರ ಬಾಯಾಗ ಕರಗತೈತಿ’ ಅಂದಳು. ಆ ಹುಡುಗ ವಾದಕ್ಕಿಳಿಯದೆ, ದಾವಣಗೆರೆ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕುತ್ತೀರಿ, ಎಷ್ಟು ಹೊತ್ತು ನೆನೆಸುತ್ತೀರಿ ಅಂತ ಕೇಳುತ್ತಾ ಕೂತ. ಅಲ್ಲಿಂದ ಅವ್ವ ಅವನ ಪಕ್ಕ ಬಿಡಲಿಲ್ಲ. ಮೂರು ಜನಕ್ಕೆ ಅವನು ತರಿಸಿದ್ದು ಎರಡೇ ದೋಸೆ. ನನಗೆ ಸ್ವಲ್ಪ ಬೇಸರವಾಯಿತು, ಆದರೆ ಅವನದೇ ಸರಿ. ಮೊದಲ ಹೋಟೆಲಿನಲ್ಲೇ ಹೊಟ್ಟೆ ತುಂಬಿದರೆ ಉಳಿದ ಮೂರು ಗಂಟೆ ಬರೀ ನೋಡಿಕೊಂಡು ನಡೆಯಬೇಕಾಗುತ್ತೆ. (ಅಂದಹಾಗೆ, ಒಳಗೆ ಕೆಂಪು ಚಟ್ನಿ ಸವರಿದ ‘ಮೈಸೂರು ಮಸಾಲೆ’ ಅನ್ನುವ ಹೆಸರು ಬೆಂಗಳೂರು, ಮುಂಬೈಗಳ ಹೋಟೆಲಿನಲ್ಲಿ ಕೇಳುವಷ್ಟು ಮೈಸೂರಿನಲ್ಲಿ ಕೇಳುವುದಿಲ್ಲ. ಮಗಳು ಅದನ್ನೇ ಹುಡುಕುತ್ತಿದ್ದಳು.)

ಅಲ್ಲಿಂದ ಹಾರ್ಡಿಂಜ್ ಸರ್ಕಲ್ ದಾಟಿ ಅರಮನೆಯ ಉತ್ತರದ ಬದಿಗೆ ನಡೆದೆವು. ಬೆಳಗಿನ ಹೊತ್ತು ಆ ರಸ್ತೆ ವಯಸ್ಸಾದವರಿಗೆ ಕಷ್ಟವಲ್ಲ, ಆದರೆ ಮಂಡಿನೋವು ಇದ್ದರೆ ಈ ತುಂಡಿಗೆ ಆಟೋ ಹಿಡಿಯಿರಿ, ಕಳೆದುಕೊಳ್ಳುವುದು ಏನಿಲ್ಲ. ಟೌನ್ ಹಾಲ್ ಹತ್ತಿರದ ದೊಡ್ಡ ಗಡಿಯಾರದ ಕೆಳಗೆ ನಮ್ಮನ್ನು ನಿಲ್ಲಿಸಿದ. ತಿಂಡಿಗೂ ಗಡಿಯಾರಕ್ಕೂ ಏನು ಸಂಬಂಧ ಅಂತ ಮಗಳು ಕೇಳಿದಳು. ಅದರ ಮುಖದ ಮೇಲಿನ ಅಂಕಿಗಳೆಲ್ಲ ಕನ್ನಡದವು. ನಾಲ್ವಡಿ ಕೃಷ್ಣರಾಜ ಒಡೆಯರು ಆಳ್ವಿಕೆಗೆ ಬಂದು 25 ವರ್ಷವಾದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ದುಡ್ಡು ಕೂಡಿಸಿ ಕಟ್ಟಿಸಿದ್ದು. ‘ಅದೇ ಅರಮನೆಯ ಇನ್ನೊಬ್ಬ ನೌಕರರ ಕೈಕೆಲಸ ಇನ್ನೊಂದು ಗಂಟೆಯಲ್ಲಿ ತಿನ್ನಿಸ್ತೀನಿ’ ಅಂದ. ಅವಳು ನೋಡುತ್ತಾ ನಿಂತು ಕನ್ನಡ ಅಂಕಿಯಲ್ಲಿ ಗಂಟೆ ಓದಿ ಹೇಳಿದಳು. ಶಾಲೆಯಲ್ಲಿ ಕಲಿತದ್ದನ್ನು ಬೀದಿಯಲ್ಲಿ ಬಳಸಿದ್ದು ಅವಳಿಗೆ ಅದೇ ಮೊದಲು.

ದೇವರಾಜ ಮಾರ್ಕೆಟ್ ನಮಗೆ ಗೊತ್ತಿಲ್ಲದ ಜಾಗವೇನಲ್ಲ. ದಸರಾಕ್ಕೆ ಬಂದಾಗಲೆಲ್ಲ ಒಳಹೊಕ್ಕು ಕುಂಕುಮದ ಗುಡ್ಡೆಗಳ ಫೋಟೋ ತೆಗೆದುಕೊಂಡು ಹೊರಬಂದಿದ್ದೇವೆ. ಈ ಸಲ ಅಲ್ಲೇ ಒಂದೂವರೆ ಗಂಟೆ ಹೋಯಿತು. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದೆವು. ಹತ್ತೊಂಬತ್ತನೇ ಶತಮಾನದ ಕಟ್ಟಡ. ಅದರ ಉತ್ತರದ ಭಾಗ 2016ರ ಆಗಸ್ಟಿನಲ್ಲಿ ಕುಸಿದು ಬಿತ್ತು. ಕೆಡವಿ ಕಟ್ಟಬೇಕಾ, ಇದ್ದದ್ದನ್ನೇ ರಿಪೇರಿ ಮಾಡಬೇಕಾ ಅನ್ನುವ ಜಗಳ ಅಂದಿನಿಂದ ಎಳೆದಾಡುತ್ತಲೇ ಇದೆ. ಉಳಿಸಬೇಕು ಅನ್ನುವವಳು ನಾನು. ಹೊಸ ಕಾಂಪ್ಲೆಕ್ಸಿನಲ್ಲಿ ಬಾಳೆಹಣ್ಣಿನವನ ಪಕ್ಕ ಹೂವಿನವಳು, ಅವಳ ಪಕ್ಕ ಎಲೆಯವನು ಹೀಗೆ ಮೊಣಕೈ ತಾಗುವಂತೆ ಕೂರುವುದಿಲ್ಲ.

ಬಾಳೆಹಣ್ಣಿನ ಸಾಲಿನಲ್ಲಿ ಅವ್ವ ನಂಜನಗೂಡು ರಸಬಾಳೆ ಕೇಳಿದಳು. ಒಬ್ಬ ಕೂಡಲೇ ಒಂದು ಗೊನೆ ತೋರಿಸಿದ. ಗೈಡ್ ಸುಮ್ಮನೆ ತಲೆ ಅಲ್ಲಾಡಿಸಿದ. ಎರಡು ಅಂಗಡಿ ಮುಂದೆ ಹೋದ ಮೇಲೆ ಹೇಳಿದ: ರಸಬಾಳೆಗೆ ಇದು ಆ ಸೀಮೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ, ಹೆಸರೂ ದೊಡ್ಡದು, ಆದರೆ ಪನಾಮ ಸೊರಗು ರೋಗ ತೋಟಗಳನ್ನೇ ತಿಂದುಹಾಕಿದೆ, ಅಸಲಿ ಹಣ್ಣು ದಿನಾ ಬರುವುದಿಲ್ಲ, ಬಂದ ದಿನ ಬೆಲೆ ಕೇಳಿದರೇ ತಿಳಿಯುತ್ತೆ. ಅವನ ಪರಿಚಯದ ಹಣ್ಣಿನವರು ‘ಇವತ್ತಿಲ್ಲ ಕಣವ್ವ, ಏಲಕ್ಕಿ ತಿನ್ನಿ, ಚೆನ್ನಾಗದೆ’ ಅಂತ ಒಂದೊಂದು ಹಣ್ಣು ಕೈಗಿಟ್ಟು ದುಡ್ಡು ತಗೊಳ್ಳಲಿಲ್ಲ. ನಾವೇ ಹೋಗಿದ್ದರೆ ಮೊದಲ ಗೊನೆಯನ್ನೇ ರಸಬಾಳೆ ಅಂತ ನಂಬಿ ಕೊಳ್ಳುತ್ತಿದ್ದೆವು. ಗೈಡಿಗೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಇಂಥ ತಲೆ ಅಲ್ಲಾಡಿಸುವಿಕೆಗೆ.

ಇನ್ನೊಂದು ಪಾಲು ಅವನು ಬಾಯಿ ಮುಚ್ಚಿ ನಿಂತದ್ದಕ್ಕೆ. ಅದು ವೀಳ್ಯದೆಲೆಯ ಅಂಗಡಿಯಲ್ಲಿ.

ಮಲ್ಲಿಗೆ, ವೀಳ್ಯದೆಲೆ, ಬದನೆಕಾಯಿ ಈ ಮೂರಕ್ಕೂ ಮೈಸೂರಿನ ಹೆಸರು ಅಂಟಿಕೊಂಡಿದೆ. ಬದನೆ ಅಂದರೆ ಈರನಗೆರೆಯದು. ಎಲೆ ನಂಜನಗೂಡು ರಸ್ತೆ ಕಡೆಯ ಎಲೆತೋಟಗಳದು. ಊರು ಬೆಳೆದ ಹಾಗೆ ತೋಟಗಳು ಕಡಿಮೆಯಾಗುತ್ತಾ ಬಂದವು. ಇಷ್ಟನ್ನು ಗೈಡ್ ಹೇಳಿದ. ಅಷ್ಟರಲ್ಲಿ ಅವ್ವ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗಿತ್ತು. ಅವಳು ನಲವತ್ತು ವರ್ಷದಿಂದ ಊಟವಾದ ಮೇಲೆ ಎಲೆ ಅಡಿಕೆ ಹಾಕುವವಳು, ನಮ್ಮ ಕಡೆಯ ಅಂಬಾಡಿ ಎಲೆ ತಿಂದು ರೂಢಿ. ‘ಇದೇನಪ್ಪಾ, ಎಲಿ ಇಷ್ಟು ತೆಳುವು ಐತಿ, ಖಾರನ ಇಲ್ಲೇನು?’ ಅಂದಳು. ಎಲೆಯವರು ಅವಳಿಗಿಂತ ಹಿರಿಯರು. ‘ಬಾಯಿಗ್ ಹಾಕ್ಕಂಡು ನೋಡಿ ಅಮ್ಮ, ಆಮೇಲ್ ಯೋಳಿ’ ಅಂದವರೇ ಒಂದು ಚಿಗುರೆಲೆ ಆರಿಸಿ, ತೊಟ್ಟು ಮುರಿದು, ಪಂಚೆಯ ಅಂಚಿಗೆ ಒರೆಸಿ ಸುಣ್ಣ ಸವರಿ ಕೊಟ್ಟರು. ಅವ್ವ ಬಾಯಾಡಿಸಿದಳು. ಮತ್ತೊಂದು ಕೇಳಿದಳು.

ಆಮೇಲೆ ಇಪ್ಪತ್ತು ನಿಮಿಷ ಅವರಿಬ್ಬರದೇ ಮಾತು. ಬಳ್ಳಿಗೆ ಯಾವ ಮರ ಆಸರೆ ಕೊಡಬೇಕು, ನೀರು ಹೆಚ್ಚಾದರೆ ಏನಾಗುತ್ತೆ, ಕೀಳುವಾಗ ಯಾವ ಎಲೆ ಬಿಡಬೇಕು, ಮದುವೆ ದಿನಗಳಲ್ಲಿ ಬೆಲೆ ಎಲ್ಲಿಗೆ ಹೋಗುತ್ತೆ. ಅವರದು ಮೈಸೂರು ಸೀಮೆಯ ಕನ್ನಡ, ಅವ್ವನದು ನಮ್ಮ ಕಡೆಯದು. ನಡುನಡುವೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದೆ ಇಬ್ಬರೂ ನಗುತ್ತಿದ್ದರು. ಗೈಡ್ ಗಡಿಯಾರ ನೋಡಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಮಗಳನ್ನು ಪಕ್ಕದ ಹೂವಿನ ಸಾಲಿಗೆ ಕರೆದೊಯ್ದು ಮೊಳ ಹಾಕುವುದು ಹೇಗೆ ಅಂತ ತೋರಿಸುತ್ತಿದ್ದ. ಹೂವಿನಾಕೆಯ ಮೊಳಕ್ಕೂ ಮಗಳ ಮೊಳಕ್ಕೂ ಮೂರು ಬೆರಳು ವ್ಯತ್ಯಾಸ ಬಂದದ್ದನ್ನು ಅವಳು ಇವತ್ತಿಗೂ ಹೇಳುತ್ತಾಳೆ. ನಾನೊಬ್ಬಳೇ ಹೋಗಿದ್ದರೆ ಅವ್ವನನ್ನು ‘ಏಳು, ಹೊತ್ತಾತು’ ಅಂತ ಎಬ್ಬಿಸಿಬಿಡುತ್ತಿದ್ದೆ. ಅದು ನನ್ನ ಸ್ವಭಾವ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಬೇರೊಬ್ಬರು ನಿರ್ಧರಿಸಿದ್ದರಿಂದಲೇ ಅವ್ವನಿಗೆ ಆ ಇಪ್ಪತ್ತು ನಿಮಿಷ ಸಿಕ್ಕಿತು. ಒಳ್ಳೆಯ ಗೈಡ್ ಯಾರು ಅಂತ ಈಗ ನನ್ನನ್ನು ಕೇಳಿದರೆ, ಅಂಗಡಿಯವರು ಮಾತು ಶುರು ಮಾಡಿದಾಗ ತನ್ನ ಮಾತು ನಿಲ್ಲಿಸುವವನು ಅಂತೀನಿ.

ಮಾರ್ಕೆಟ್ಟಿನಿಂದ ಹೊರಬಂದು ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್. ಗಡಿಯಾರದ ಕೆಳಗೆ ಹೇಳಿದ ಇನ್ನೊಬ್ಬ ನೌಕರರು ಅಂದರೆ ಕಾಕಾಸುರ ಮಾದಪ್ಪ, ಅರಮನೆಯ ಬಾಣಸಿಗರು. ನಾಲ್ವಡಿಯವರ ಊಟಕ್ಕೆ ಕಡಲೆಹಿಟ್ಟು, ತುಪ್ಪ, ಸಕ್ಕರೆಯಲ್ಲಿ ಹೊಸ ಸಿಹಿಯೊಂದು ಮಾಡಿದರು, ಹೆಸರೇನು ಅಂತ ಕೇಳಿದಾಗ ಮೈಸೂರು ಪಾಕ ಅಂದರು ಅನ್ನುವುದು ಎಲ್ಲರೂ ಹೇಳುವ ಕಥೆ. ಅಂಗಡಿ ಅವರ ವಂಶದವರದು. ಕಥೆ ನಿಮಗೂ ಗೊತ್ತಿರುತ್ತೆ. ನನಗೆ ಗೊತ್ತಿಲ್ಲದ್ದು ತುಂಡನ್ನು ನೋಡುವ ಬಗೆ. ಒಂದೆಳೆ ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹುಯ್ಯುತ್ತಾ ಹೋದರೆ ಹಿಟ್ಟು ನೊರೆಯಾಗಿ ಉಬ್ಬಿ ತೂತು ತೂತಾಗುತ್ತೆ. ತಟ್ಟೆಗೆ ಸುರಿದ ಮೇಲೂ ನಡುವಿನ ಕಾವು ಬೇಗ ಆರುವುದಿಲ್ಲ, ಅದಕ್ಕೇ ಹಳೆ ಬಗೆಯ ಪಾಕ್ ಕತ್ತರಿಸಿದರೆ ನಡುವೆ ಕಂದು, ಮೇಲೆ ಕೆಳಗೆ ಹಳದಿ ಪಟ್ಟೆ. ಮೆತ್ತಗೆ ಬೆಣ್ಣೆಯಂತೆ ಇರುವುದು ಬೇರೆ ಹದ. ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ ಅಂದಿದ್ದೀರಿ. ಒಂದು ತುಂಡನ್ನು ನಾಲ್ಕು ಮಾಡಿ ಎಲ್ಲರೂ ಹಂಚಿಕೊಳ್ಳಿ, ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಬೆಳಗಿನ ಮಾತ್ರೆಯ ಸಮಯವನ್ನು ಗೈಡಿಗೆ ಹಿಂದಿನ ದಿನವೇ ತಿಳಿಸಿಡಿ, ತಿಂಡಿಯ ಹೊತ್ತು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ.

ಕೊನೆಗೆ ಕಾಫಿಪುಡಿ ಅಂಗಡಿ. ಪೀಬೆರಿ, ಪ್ಲಾಂಟೇಶನ್ ಅನ್ನುವ ಬಗೆಯ ಕಾಫಿಬೀಜ ಎಷ್ಟೆಷ್ಟು, ಚಿಕೋರಿ ಎಷ್ಟು ಅಂತ ಹೇಳಿ ಕಣ್ಣೆದುರೇ ಬೀಸಿಸಿಕೊಂಡು, ಪಕ್ಕದ ಹೋಟೆಲಿನಲ್ಲಿ ಒಂದು ಕಾಫಿ ಎರಡು ಲೋಟಕ್ಕೆ ಹಂಚಿ ಕುಡಿದೆವು. ಅಷ್ಟಕ್ಕೆ ಹತ್ತೂವರೆ ದಾಟಿತ್ತು, ಬಿಸಿಲು ಏರಿತ್ತು.

ಕೆಲವು ಸಣ್ಣ ಮಾತು. ಮಾರ್ಕೆಟ್ಟಿನ ನೆಲ ಒದ್ದೆಯಿರುತ್ತೆ, ಜಾರದ ಚಪ್ಪಲಿ ಹಾಕಿಸಿ. ಶೌಚಾಲಯವನ್ನು ಮೊದಲ ಹೋಟೆಲಿನಲ್ಲೇ ಕೇಳಿ ಮುಗಿಸಿಕೊಳ್ಳಿ, ಮಾರ್ಕೆಟ್ಟಿನೊಳಗೆ ಹೆಂಗಸರಿಗೆ ಕಷ್ಟ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಎರಡು ದಿನ, ದಸರಾದ ಜಂಬೂಸವಾರಿ ಆಸುಪಾಸಿನ ದಿನಗಳಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ಮೆರವಣಿಗೆ ಅದೇ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪಕ್ಕೆ ಹೋಗುವುದರಿಂದ ಕಾಲಿಡಲು ಜಾಗವಿರುವುದಿಲ್ಲ. ನಾವು ಸಸ್ಯಾಹಾರಿಗಳು. ನೀವು ಮಾಂಸ ತಿನ್ನುವವರಾದರೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಸೇರಿಸಲು ಹೇಳಿ, ಅದರ ದಾರಿಯೇ ಬೇರೆಯಾಗುತ್ತೆ. ಎರಡು ದಿನ ಇರುವುದರಿಂದ ಮೊದಲ ದಿನ ಬೆಳಿಗ್ಗೆಯೇ ನಡಿಗೆ ಇಟ್ಟುಕೊಳ್ಳಿ, ಮಾರನೇ ದಿನ ಇಷ್ಟವಾದ ಅಂಗಡಿಗೆ ನೀವೇ ಹೋಗಬಹುದು.

ನಾವೂ ಹಾಗೇ ಮಾಡಿದೆವು. ಮಾರನೇ ದಿನ ಅವ್ವನೇ ದಾರಿ ತೋರಿಸಿದಳು, ಒಂದು ಓಣಿಯೂ ತಪ್ಪಲಿಲ್ಲ. ಎಲೆಯವರು ಗುರುತು ಹಿಡಿದು ‘ದಾವಣಗೆರೆ ಅಮ್ಮ ಬಂದ್ರಾ’ ಅಂದರು. ಎರಡು ಕಟ್ಟು ಎಲೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ನೀರು ಚಿಮುಕಿಸಿ ಕೊಟ್ಟರು. ಅವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಇನ್ನೊಂದು ಸುತ್ತು ಸುತ್ತಿ, ರೈಲಿನಲ್ಲಿ ಸೀಟಿನ ಕೆಳಗೂ ಇಡದೆ ದಾವಣಗೆರೆವರೆಗೆ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.