ಆಗ್ರಾ ವಾದದಲ್ಲಿ ಗೆದ್ದಿದ್ದು ಯಾರು?

ಪ್ರಶ್ನೆ: 1854ರಲ್ಲಿ ಆಗ್ರಾದಲ್ಲಿ ಪಾದ್ರಿ ಫಾಂಡರ್‌ಗೂ ಮೌಲಾನಾ ರಹಮತುಲ್ಲಾ ಅವ್ರಿಗೂ ನಡೆದ ವಾದದಲ್ಲಿ ಮೌಲಾನಾನೇ ಗೆದ್ರು ಅಂತ ಕೆಲವ್ರು, ಇಲ್ಲ ಪಾದ್ರಿ ಸೋಲ್ಲೇ ಇಲ್ಲ ಅಂತ ಕೆಲವ್ರು. ಯಾವ್ದು ನಿಜ ಸಾರ್?

ಉತ್ತರ: ಎರಡೂ ಕಡೆಯವ್ರು ತಾವೇ ಗೆದ್ವಿ ಅಂತ ಆಗ್ಲೇ ಪ್ರಿಂಟ್ ಹಾಕಿಸಿ ಹಂಚಿದ್ರು, ಹಾಗಾಗಿ ಈ ಜಗಳ ಇವತ್ತಿಂದಲ್ಲ ಬಿಡಿ. ಏಪ್ರಿಲ್ 10 ಮತ್ತು 11, ನಡೆದಿದ್ದು ಎರಡೇ ದಿನ. ಒಂದು ಕಡೆ ಜರ್ಮನಿಯ ಕಾರ್ಲ್ ಗಾಟ್‌ಲೀಬ್ ಫಾಂಡರ್, ಅವ್ರ ಸಹಾಯಕ್ಕೆ ಆಗ್ರಾದಲ್ಲಿ ಸೇಂಟ್ ಜಾನ್ಸ್ ಕಾಲೇಜು ಕಟ್ಟಿದ ಥಾಮಸ್ ವಾಲ್ಪಿ ಫ್ರೆಂಚ್. ಎದುರಿಗೆ ಕೈರಾನಾದ ರಹಮತುಲ್ಲಾ, ಜೊತೆಗೆ ಡಾಕ್ಟರ್ ವಜೀರ್ ಖಾನ್. ತ್ರಿತ್ವ, ಅಂದ್ರೆ ಒಬ್ಬನೇ ದೇವರಲ್ಲಿ ಮೂವರು ಅನ್ನೋ ಕ್ರೈಸ್ತ ನಂಬಿಕೆ, ಮುಹಮ್ಮದರ ಪ್ರವಾದಿತನ ಎಲ್ಲಾ ಚರ್ಚೆ ಆಗ್ಬೇಕು ಅಂತ ಮಾತಾಗಿತ್ತು, ಆದ್ರೆ ಮೊದಲ ಎರಡು ವಿಷಯ ದಾಟ್ಲೇ ಇಲ್ಲ. ಒಂದು ನಸ್ಖ್, ಅಂದ್ರೆ ಹಿಂದಿನ ಗ್ರಂಥ ಮುಂದಿನ ಗ್ರಂಥದಿಂದ ರದ್ದಾಗುತ್ತಾ ಅನ್ನೋದು, ಇನ್ನೊಂದು ತಹ್ರೀಫ್, ಅಂದ್ರೆ ಬೈಬಲ್ ಪಾಠ ಕಲಬೆರಕೆ ಆಗಿದ್ಯಾ ಅನ್ನೋದು.

ಈ ತಹ್ರೀಫ್ ಹತ್ರಾನೇ ಫಾಂಡರ್ ಸಿಕ್ಕಾಕ್ಕೊಂಡ್ರು. ಅವ್ರ ವಾದ ಏನಪ್ಪಾ ಅಂದ್ರೆ ಕುರಾನೇ ಹಿಂದಿನ ಗ್ರಂಥಗಳನ್ನ ನಿಜ ಅನ್ನುತ್ತೆ, ಹಾಗಿದ್ಮೇಲೆ ಕುರಾನ್ ಒಪ್ಪೋರು ಬೈಬಲ್ಲೂ ಒಪ್ಪಲೇಬೇಕು ಅಂತ. ಮೌಲ್ವಿಗಳು ಹದೀಸು (ಪ್ರವಾದಿಯ ಮಾತುಗಳು), ತಫ್ಸೀರು (ಕುರಾನ್ ವ್ಯಾಖ್ಯಾನ) ಹಿಡ್ಕೊಂಡೇ ಉತ್ತರ ಕೊಡ್ತಾರೆ ಅಂತ ಪಾದ್ರಿ ತಯಾರಾಗಿ ಬಂದಿದ್ರೆ, ಅವ್ರು ತೆಗೆದು ಮುಂದಿಟ್ಟಿದ್ದು ಯುರೋಪಿನ ಪ್ರೊಟೆಸ್ಟೆಂಟ್ ಪಂಡಿತರ ಪುಸ್ತಕಗಳನ್ನೇ! ನಿಮ್ಮೋರೇ ಇಲ್ಲಿಲ್ಲಿ ಪಾಠ ತಪ್ಪಿದೆ ಅಂತಿದಾರಲ್ಲ ಪಾದ್ರಿಗಳೇ ಅಂತ. ಯೋಹಾನನ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಮೂವರೂ ಒಂದೇ ಅನ್ನೋ ಸಾಲು ಬರುತ್ತಲ್ಲ, ಅದು ಹಳೇ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ, ಆಮೇಲೆ ಸೇರಿದ್ದು. ಅಂಥ ಕೆಲವು ಜಾಗಗಳಲ್ಲಿ ಪಾಠ ಬದಲಾಗಿದೆ ಅಂತ ಫಾಂಡರ್ ಒಪ್ಕೊಂಡ್ರು, ಆದ್ರೆ ಅದ್ರಿಂದ ಮೂಲ ಬೋಧನೆಗೆ ಏನೂ ಧಕ್ಕೆ ಇಲ್ಲ ಅಂದ್ರು. ಕೆಲವು ಕಡೆ ಕೈಯಾಡಿದೆ ಅಂತ ನೀವೇ ಒಪ್ಪಿದ್ಮೇಲೆ ಅದೇ ಪುಸ್ತಕನ ಸಾಕ್ಷಿ ಅಂತ ಹೇಗೆ ತರ್ತೀರಿ ಅಂದ್ರು ರಹಮತುಲ್ಲಾ. ಅಲ್ಲಿಗೆ ವಾದ ನಿಂತೋಯ್ತು.

ನನ್ನ ಕೇಳಿದ್ರೆ ಆ ಎರಡು ದಿನದ ಮಟ್ಟಿಗೆ ಮೌಲಾನಾ ಕೈ ಮೇಲಾಯ್ತು. ದೇವರು, ಧರ್ಮದ ಪ್ರಶ್ನೆಯೇನೂ ಇತ್ಯರ್ಥ ಆಗ್ಲಿಲ್ಲ, ಆದ್ರೆ ಎದುರಾಳಿ ಮನೆ ಕಪಾಟಲ್ಲಿ ಏನಿದೆ ಅಂತ ಚೆನ್ನಾಗಿ ನೋಡ್ಕೊಂಡು ಬಂದಿದ್ದು ಅವ್ರು. ಇದ್ರಲ್ಲಿ ಅರ್ಧ ಕ್ರೆಡಿಟ್ಟು ವಜೀರ್ ಖಾನ್‌ಗೆ ಹೋಗ್ಬೇಕು, ಇಂಗ್ಲಿಷ್ ಓದ್ಕೊಂಡಿದ್ದ ಡಾಕ್ಟರು, ಆ ಪುಸ್ತಕಗಳು ಬಂದಿದ್ದು ಅವ್ರಿಂದಾನೇ. ಆದ್ರೆ ಜನ ಅವ್ರ ಹೆಸರು ಮರ್ತೇಬಿಟ್ಟಿದಾರೆ.

ಪ್ರಶ್ನೆ: ಜರ್ಮನಿಯವ್ರಾಗಿದ್ದೂ ಫಾಂಡರ್‌ಗೆ ಜರ್ಮನ್ ಪಂಡಿತರು ಏನು ಬರೀತಿದಾರೆ ಅಂತ ಗೊತ್ತಿರ್ಲಿಲ್ವಾ? ಅವ್ರು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ನೋರಾ?

ಉತ್ತರ: ಓದಿದ್ದು ಅದೇ ಬಾಸೆಲ್ ಸೆಮಿನರಿಲಿ, ಮಂಗಳೂರಿಗೆ ಮಾತ್ರ ಬಂದೋರಲ್ಲ. ಮಿಷನ್ನಿನ ಜನ 1834ರಲ್ಲಿ ಮಂಗಳೂರಿಗೆ ಬಂದು ಆಮೇಲೆ ಪತ್ರಿಕೆ, ಹೆಂಚು, ಕಿಟ್ಟೆಲ್ ನಿಘಂಟು ಅಂತ ನಮಗೆ ಪರಿಚಯ ಆದ್ರಲ್ಲ, ಆ ಹೊತ್ತಿಗೆ ಫಾಂಡರ್ ಇನ್ನೂ ಕಾಕಸಸ್ಸಿನ ಶೂಶಾದಲ್ಲಿ ಪರ್ಷಿಯನ್ ಕಲ್ತು ಅಲ್ಲಿನ ಮುಸ್ಲಿಮರ ಜೊತೆ ವಾದ ಮಾಡ್ತಿದ್ರು. 'ಮೀಝಾನುಲ್ ಹಕ್' ಅಂದ್ರೆ ಸತ್ಯದ ತಕ್ಕಡಿ, ಇಸ್ಲಾಮಿಗೆ ಎದುರಾಗಿ ಕ್ರೈಸ್ತ ಮತದ ಪರ ವಾದಿಸೋ ಅವ್ರ ಪುಸ್ತಕ, ಅದನ್ನ ಮೊದ್ಲು 1829ರಲ್ಲಿ ಜರ್ಮನ್ನಲ್ಲಿ ಬರೆದ್ರು, 1835ರಲ್ಲಿ ಪರ್ಷಿಯನ್ನಲ್ಲಿ ಬಂತು. ಅದೇ ವರ್ಷ ರಷ್ಯಾದ ಸರ್ಕಾರ ಆ ಮಿಷನ್ ಮುಚ್ಚಿಸ್ತು, ಅವ್ರು ಇಂಡಿಯಾ ಕಡೆ ಬಂದು, ಚರ್ಚ್ ಮಿಷನರಿ ಸೊಸೈಟಿ ಸೇರಿ 1841ಕ್ಕೆ ಆಗ್ರಾಗೆ ಬಂದ್ರು. ತಮಾಷೆ ನೋಡಿ, 1835ರಲ್ಲೇ ಜರ್ಮನಿಲಿ ಸ್ಟ್ರಾಸ್ ಅನ್ನೋ ಪಂಡಿತ ಬೈಬಲ್ ಕಥೆಗಳನ್ನೇ ಪ್ರಶ್ನಿಸಿ ಯೇಸುವಿನ ಜೀವನದ ಬಗ್ಗೆ ಬರೆದ ಪುಸ್ತಕ ಬಂದು ದೊಡ್ಡ ಗಲಾಟೆ ಆಗಿದ್ದು. ಊರಲ್ಲಿ ಇಷ್ಟೆಲ್ಲಾ ಆಗೋವಾಗ ಇವ್ರು ದೂರದಲ್ಲಿದ್ರು, ಹಳೇ ಪಾಠಾನೇ ತಲೇಲಿತ್ತು. ಅವ್ರ ದಡ್ಡತನ ಅನ್ನೋಕಾಗಲ್ಲ ಇದನ್ನ.

ಪ್ರಶ್ನೆ: ಆಮೇಲೆ ಇವ್ರೆಲ್ಲಾ ಏನಾದ್ರು?

ಉತ್ತರ: ಮೂರು ವರ್ಷಕ್ಕೆ 1857 ಬಂತಲ್ಲ. ರಹಮತುಲ್ಲಾ, ವಜೀರ್ ಖಾನ್ ಇಬ್ರೂ ಬ್ರಿಟಿಷರ ವಿರುದ್ಧ ನಿಂತು, ಕೊನೆಗೆ ಮೆಕ್ಕಾಗೆ ತಪ್ಪಿಸ್ಕೊಂಡು ಹೋದ್ರು, ಮೌಲಾನಾ ಆಸ್ತಿ ಹರಾಜಾಯ್ತು. ಫಾಂಡರ್ ಪೇಶಾವರಕ್ಕೆ ಹೋಗಿ ಅಲ್ಲಿಂದ 1858ರಲ್ಲಿ ಇಸ್ತಾಂಬುಲ್ಲಿಗೆ. ಅಲ್ಲೂ ಅದೇ ವಾದ! ಕೊನೆಗೆ ಸುಲ್ತಾನ್ ಅಬ್ದುಲ್ ಅಜೀಜ್ ರಹಮತುಲ್ಲಾನ ಅಲ್ಲಿಗೆ ಕರೆಸ್ಕೊಂಡು ಆಗ್ರಾ ವಾದನೆಲ್ಲಾ ಬರೆದುಕೊಡಿ ಅಂದ್ರು, ಹಾಗೆ ಬಂದಿದ್ದು 'ಇಝಾರುಲ್ ಹಕ್', ಅರಬ್ಬೀಲಿ. ಮುಂದೆ ಮೆಕ್ಕಾದಲ್ಲಿ ಅವ್ರು ಸೌಲತಿಯಾ ಮದ್ರಸಾ ಕಟ್ಟಿದ್ರು, ದುಡ್ಡು ಕೊಟ್ಟ ಸೌಲತುನ್ನಿಸಾ ಅನ್ನೋ ಕಲ್ಕತ್ತಾದ ಹೆಣ್ಣುಮಗಳ ಹೆಸರೇ ಅದಕ್ಕಿಟ್ರು.

ಇನ್ನೊಂದು ಹೇಳ್ಬೇಕು. ಆಗ್ರಾದಲ್ಲಿ ಮೌಲಾನಾ ಕಡೆ ಇದ್ದ ಇಮಾದುದ್ದೀನ್ ಅನ್ನೋ ಮೌಲ್ವಿ 1866ರಲ್ಲಿ ಅಮೃತಸರದಲ್ಲಿ ದೀಕ್ಷಾಸ್ನಾನ ತಗೊಂಡು ಪಾದ್ರಿನೇ ಆಗ್ಬಿಟ್ರು, ಮುಂದಕ್ಕೆ ಇಸ್ಲಾಂ ವಿರುದ್ಧ ಉರ್ದೂಲಿ ಪುಸ್ತಕದ ಮೇಲೆ ಪುಸ್ತಕ ಬರೆದ್ರು. ಯಾರು ಗೆದ್ರು ಅಂತ ಕೇಳೋರಿಗೆ ಇವ್ರನ್ನ ಯಾವ ಲೆಕ್ಕಕ್ಕೆ ಹಾಕೋದು ಅಂತ ನನಗಂತೂ ತೋಚಲ್ಲ.